ವಿದ್ಯುತ್ ಸೈಕಲ್ಲಿಗೆ ಮಳೆಗಾಲದ ಆರೈಕೆ



ಬೆಟ್ಟವೇರುವ ವಿದ್ಯುತ್ ಸೈಕಲ್ಲು ಹೊಗೆಯುಗುಳುವುದಿಲ್ಲ, ನಿಜ. ಆದರೆ ಅದರ ಬ್ಯಾಟರಿಗಾಗಿ ಎಲ್ಲೋ ನೆಲವನ್ನು ಅಗೆದಿರುತ್ತಾರೆ. ಆದುದರಿಂದ ಬ್ಯಾಟರಿಯನ್ನು ದೀರ್ಘಕಾಲ ಬಾಳಿಸುವುದೇ ಸವಾರನ ಮೊದಲ ಹೊಣೆ.

ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಂತಹ ಸೀಮೆಯಲ್ಲಿ ಆಷಾಢ, ಶ್ರಾವಣಗಳಲ್ಲಿ ಸವಾರಿ ನಿಲ್ಲುವುದುಂಟು. ಆಗ ಲಿಥಿಯಂ ಬ್ಯಾಟರಿಯನ್ನು ಪೂರ್ತಿ ತುಂಬಿಸಿಡಬಾರದು, ಬರಿದಾಗಲೂ ಬಿಡಬಾರದು. ಅರ್ಧದಷ್ಟು ಚಾರ್ಜ್ ಉಳಿಸಿ, ಒಲೆಯಿಂದ ದೂರ, ತೇವವಿಲ್ಲದ ತಂಪು ಜಾಗದಲ್ಲಿಡಿ.

ಸವಾರಿ ಹೊರಡುವವರು ಎರಡೂ ಚಕ್ರಗಳಿಗೆ ಮಡ್‌ಗಾರ್ಡ್ ಹಾಕಿಸಿರಿ. ಕೆಸರನ್ನು ರಭಸದ ನೀರು ಹಾಯಿಸಿ ತೊಳೆಯದಿರಿ. ನೀರು ಬೇರಿಂಗಿನೊಳಕ್ಕೆ ನುಗ್ಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಚೈನಿಗೆ ಎಣ್ಣೆ ಹನಿಸಿ. ಸೈಕಲ್ಲಿನ ಭಾರ ಹೆಚ್ಚಾದ್ದರಿಂದ ಬ್ರೇಕ್ ಪ್ಯಾಡುಗಳು ಬೇಗ ಸವೆಯುತ್ತವೆ. ಘಾಟಿಯಿಳಿಯುವ ಮುನ್ನ ನೋಡಿಕೊಳ್ಳಿ.

ಕೆಟ್ಟ ಬ್ಯಾಟರಿ ಹಳ್ಳಕ್ಕೆ ಬೀಳಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ಮರಳಿ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಕೊಳ್ಳುವಾಗಲೇ ಅದನ್ನು ಕೇಳೋಣ.