ಹೇಳಿದ್ದೇ ತಪ್ಪಾಯಿತೇ?

ಸರ್ಕಾರ ಬೀಳುತ್ತಾ, ಉಳಿಯುತ್ತಾ ಅನ್ನೋ ಸುದ್ದಿಯನ್ನು ಇವತ್ತೊಂದು ದಿನ ಬದಿಗಿಡೋಣ. ಇವತ್ತಿನ ನನ್ನ ಸುದ್ದಿ ಒಂದು ಕಾರಿನ ಹಿಂಬಾಗಿಲಿನದು. ನಗಬೇಡಿ. ಆ ಬಾಗಿಲಿನ ಹಿಂದೆ ಒಬ್ಬ ಹುಡುಗನ ಏಳು ತಿಂಗಳ ಬದುಕು ಸಿಕ್ಕಿಹಾಕಿಕೊಂಡಿದೆ.

ಕಳೆದ ವಾರ ವಿಜಯಪುರದಿಂದ ಸೊಲ್ಲಾಪುರದ ಕಡೆ ಹೊರಟಿದ್ದೆ. ಹೆದ್ದಾರಿಯಲ್ಲಿ ಹೊರ್ತಿ ಬಂತು, ಚಹಾಕ್ಕೆ ಇಳಿದೆ. ಇಂಡಿ ತಾಲ್ಲೂಕು, ಲಿಂಬೆಯ ಸೀಮೆ. 2023ರಲ್ಲಿ ಇಂಡಿ ಲಿಂಬೆಗೆ ಜಿಐ ಮಾನ್ಯತೆ ಬಂದಾಗ ಇದೇ ಸ್ಟುಡಿಯೋದಲ್ಲಿ ಕೂತು ಖುಷಿಯಿಂದ ಸುದ್ದಿ ಓದಿದ್ದೆ. ಹೋಟೆಲಿನಲ್ಲಿ ಒಬ್ಬ ಹುಡುಗ ಗುರುತು ಹಿಡಿದು ಹತ್ತಿರ ಬಂದ. ಸೆಲ್ಫಿ ಕೇಳ್ತಾನೆ ಅಂದುಕೊಂಡೆ. ಅವನು ಕೇಳಿದ್ದು ಬೇರೆ.

"ಸರ, ಒಂದು ಮಾತು ಕೇಳಲೇನ್ರಿ? ತಪ್ಪು ಮಾಡಿ ನಾನ ಹೋಗಿ ಹೇಳೀನ್ರಿ. ಹೇಳಿದ್ದ ತಪ್ಪಾತೇನ್ರಿ?"

ಆ ಹುಡುಗ ಒಂದು ಲಿಂಬೆ ವ್ಯಾಪಾರದ ಶೆಡ್ಡಿನಲ್ಲಿ ಸಣ್ಣ ಗೂಡ್ಸ್ ಗಾಡಿ ಓಡಿಸುತ್ತಾನೆ. ಸಂಬಳ 11,000. ಒಂದು ಸಂಜೆ ಚೀಲ ಹೇರಿಕೊಂಡು ಗಾಡಿ ಹಿಂದಕ್ಕೆ ತೆಗೆಯುವಾಗ, ಅದೇ ಶೆಡ್ಡಿನಲ್ಲಿ ಲೆಕ್ಕ ಬರೆಯುವವರ ಕಾರಿಗೆ ತಾಗಿಸಿಬಿಟ್ಟ. ಹಿಂಬಾಗಿಲು ಒಳಕ್ಕೆ ಹೋಯಿತು. ಯಾರೂ ನೋಡಿರಲಿಲ್ಲ. ಇವನೇ ಒಳಗೆ ಹೋಗಿ, "ಅಣ್ಣಾರ, ನಿಮ್ಮ ಕಾರಿಗೆ ನನ್ನ ಗಾಡಿ ಬಡೀತ್ರಿ" ಅಂದ. ಗ್ಯಾರೇಜಿನವರು 21,000 ಅಂದರು. ಮಾಲೀಕರು ತೀರ್ಪು ಕೊಟ್ಟೇಬಿಟ್ಟರು: ತಿಂಗಳಿಗೆ 3,000ದಂತೆ ಏಳು ತಿಂಗಳು ಸಂಬಳದಲ್ಲಿ ಕಟ್. ಎರಡು ತಿಂಗಳು ಕಟ್ ಆಗಿತ್ತು.

ಈಗ ನ್ಯಾಯ ಎಲ್ಲಿದೆ, ನೋಡೋಣ ಬನ್ನಿ.

ಮೊದಲು ಹೆದರಿಕೆ ತೆಗೆಯೋಣ. "ಪೊಲೀಸ್ ಕೇಸ್ ಹಾಕ್ತೀವಿ" ಅಂತ ಅವನಿಗೆ ಯಾರೋ ಹೇಳಿದ್ದರಂತೆ. ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಂ ಆಸ್ತಿಗೆ ಹಾನಿ ಮಾಡುವ ಕೃತ್ಯದ ಬಗ್ಗೆ ಹೇಳುತ್ತದೆ. ಆದರೆ ಅಲ್ಲಿ ಹಾನಿ ಮಾಡುವ ಉದ್ದೇಶ ಇರಬೇಕು, ಅಥವಾ ಹಾನಿ ಆಗುತ್ತದೆ ಎಂಬ ಅರಿವಾದರೂ ಇರಬೇಕು. ಕಣ್ತಪ್ಪಿ ಆದದ್ದು ಆ ಅಪರಾಧವಲ್ಲ. 281ನೇ ಕಲಂ ಅಜಾಗರೂಕ ಚಾಲನೆಯದು. ಅದು ಸಾರ್ವಜನಿಕ ದಾರಿಯಲ್ಲಿ ಜನರ ಜೀವಕ್ಕೆ ಅಪಾಯ ತರುವಂಥ ಚಾಲನೆಗೆ. ಶೆಡ್ಡಿನ ಅಂಗಳದಲ್ಲಿ ನಿಧಾನವಾಗಿ ಹಿಂದಕ್ಕೆ ಬಂದು ಖಾಲಿ ಕಾರಿಗೆ ತಾಗಿದ್ದಕ್ಕೆ ಜೈಲಿನ ಮಾತು ಆಡುವುದು ಬರೀ ಬೆದರಿಕೆ.

ಹಾಗಂದರೆ ಹುಡುಗನದು ಏನೂ ಇಲ್ಲವೇ? ಇದೆ. ಅಪರಾಧ ಬೇರೆ, ಹೊಣೆ ಬೇರೆ. ಹಿಂದೆ ನೋಡದೆ ಗಾಡಿ ಬಿಟ್ಟದ್ದು ನಿರ್ಲಕ್ಷ್ಯ. ನಿರ್ಲಕ್ಷ್ಯದಿಂದ ಆದ ನಷ್ಟವನ್ನು ತುಂಬಿಕೊಡಬೇಕು. "ಬೇಕಂತ ಮಾಡಿಲ್ಲ" ಅನ್ನೋ ಮಾತು ಜೈಲಿನಿಂದ ಉಳಿಸುತ್ತದೆ, ಬಿಲ್ಲಿನಿಂದ ಉಳಿಸುವುದಿಲ್ಲ. ಲೆಕ್ಕ ಬರೆಯುವವರಿಗೂ ಕಾರು ಪುಕ್ಕಟೆ ಬಂದಿಲ್ಲ. ಅವರೂ ಕಂತು ಕಟ್ಟುತ್ತಿದ್ದಾರೆ.

ಆದರೆ ಬಿಲ್ಲು ಯಾರ ಹೆಸರಿಗೆ? ಹುಡುಗ ತನ್ನ ಮದುವೆ ದಿಬ್ಬಣಕ್ಕೆ ಹೊರಟಿರಲಿಲ್ಲ. ಮಾಲೀಕರ ಗಾಡಿ, ಮಾಲೀಕರ ಚೀಲ, ಮಾಲೀಕರ ಕೆಲಸ. ಕೆಲಸದ ವೇಳೆ ಕೆಲಸಗಾರನಿಂದಾದ ನಷ್ಟಕ್ಕೆ ಮಾಲೀಕನೂ ಹೊಣೆ ಎಂಬುದು ಹಳೆಯ ನ್ಯಾಯ. ಉದಯಪುರದಲ್ಲಿ ಸರ್ಕಾರಿ ಜೀಪೊಂದು ರಿಪೇರಿ ಮುಗಿಸಿ ಬರುವಾಗ ಪಾದಚಾರಿಗೆ ಬಡಿದು ಅವರು ತೀರಿಕೊಂಡರು. 1962ರಲ್ಲಿ ವಿದ್ಯಾವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಏನು ಹೇಳಿತು? ಚಾಲಕನ ತಪ್ಪಿಗೆ ರಾಜಸ್ಥಾನ ಸರ್ಕಾರವೇ ಪರಿಹಾರ ಕೊಡಬೇಕು ಅಂತ. ಸರ್ಕಾರಕ್ಕೇ ತಪ್ಪದ್ದು ಶೆಡ್ಡಿನ ಮಾಲೀಕರಿಗೆ ತಪ್ಪುತ್ತದೆಯೇ?

ಇನ್ನೊಂದು ಕಾಗದವಿದೆ. ಅದನ್ನು ಯಾರೂ ತೆಗೆದೇ ನೋಡಿರಲಿಲ್ಲ. ಗಾಡಿಯ ವಿಮೆ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಪ್ರಕಾರ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಥರ್ಡ್ ಪಾರ್ಟಿ ಅಂದರೆ ಸತ್ತವರು, ಗಾಯಗೊಂಡವರು ಮಾತ್ರ ಅಂದುಕೊಂಡಿದ್ದೇವೆ. ಅಲ್ಲ, ಬೇರೆಯವರ ಆಸ್ತಿಯೂ ಅದರಲ್ಲಿ ಬರುತ್ತದೆ. ಕಾರು, ಗೂಡ್ಸ್ ಗಾಡಿಗಳ ಪಾಲಿಸಿಯಲ್ಲಿ ಸಾಮಾನ್ಯವಾಗಿ ಇದರ ಮಿತಿ 7.5 ಲಕ್ಷ ರೂಪಾಯಿ, ಬೈಕಿಗೆ 1 ಲಕ್ಷ. ಕೆಲವರು ಪ್ರೀಮಿಯಂ ಉಳಿಸಲು ಅದನ್ನು 6,000ಕ್ಕೆ ಇಳಿಸಿಕೊಂಡಿರುತ್ತಾರೆ. ನಿಮ್ಮ ಪಾಲಿಸಿಯಲ್ಲಿ ಎಷ್ಟಿದೆ? ಇವತ್ತೇ ತೆಗೆದು ನೋಡಿ. ಜಜ್ಜಿದ ಕಾರು ಮಾಲೀಕರದೇ ಆಗಿದ್ದರೆ ಇದು ಸಿಗುತ್ತಿರಲಿಲ್ಲ. ಸಹೋದ್ಯೋಗಿಯ ಕಾರು ಬೇರೆಯವರ ಆಸ್ತಿಯೇ.

ಇದು ಸಲೀಸಾಗಿ ಕೈಗೆ ಬರುತ್ತೆ ಅಂತ ನಾನು ಹೇಳಲ್ಲ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು. 2019ರ ತಿದ್ದುಪಡಿ ಆರು ತಿಂಗಳ ಗಡುವು ಹಾಕಿದೆ. ಶೆಡ್ಡಿನ ಅಂಗಳ ಸಾರ್ವಜನಿಕ ಸ್ಥಳವಲ್ಲ ಅಂತ ವಿಮಾ ಕಂಪನಿ ತಕರಾರು ತೆಗೆಯಲೂಬಹುದು. 21,000ಕ್ಕೆ ಅಷ್ಟು ಅಲೆದಾಟ ಯಾಕೆ ಅನ್ನುವವರಿಗೆ ಹತ್ತಿರದ ದಾರಿ ಇದೆ. ಕಾರಿನವರ ಪಾಲಿಸಿ ಸಮಗ್ರ ವಿಮೆಯಾಗಿದ್ದರೆ ಅದರಲ್ಲೇ ರಿಪೇರಿ ಮಾಡಿಸಿಕೊಳ್ಳಬಹುದು. 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ಕೈಯಿಂದ ಹಾಕಬೇಕಾದದ್ದು 1,000 ರೂಪಾಯಿ. ಪ್ಲಾಸ್ಟಿಕ್, ಬಣ್ಣಕ್ಕೆ ಸವಕಳಿ ಅಂತ ಒಂದಷ್ಟು ಮುರಿದುಕೊಳ್ಳಬಹುದು. ಜೊತೆಗೆ ಕ್ಲೇಮ್ ಮಾಡದಿದ್ದರೆ ಸಿಗುವ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಅದು ಶೇ 20ರಿಂದ ಶುರುವಾಗಿ ಶೇ 50ರವರೆಗೆ ಇರುತ್ತದೆ. ಈ ಕೈಬಿಟ್ಟ ಹಣವನ್ನು ಬಡಿದವರ ಕಡೆಯವರು ತುಂಬಿಕೊಟ್ಟರೆ ಆಯಿತು, ಇಬ್ಬರಿಗೂ ನ್ಯಾಯ.

ಈಗ ಸಂಬಳಕ್ಕೆ ಬನ್ನಿ. 1936ರ ವೇತನ ಪಾವತಿ ಕಾಯ್ದೆಯ ಕಾಲದಿಂದಲೂ ನಿಯಮ ಒಂದೇ: ಮಾಲೀಕ ಮನಸ್ಸಿಗೆ ಬಂದಂತೆ ಸಂಬಳ ಮುರಿಯುವಂತಿಲ್ಲ. ಹಾನಿಗೆ ಮುರಿಯಬೇಕಾದರೆ ಆ ಸರಕನ್ನು ಕೆಲಸಗಾರನ ವಶಕ್ಕೆ ಒಪ್ಪಿಸಿರಬೇಕು, ಅವನ ನಿರ್ಲಕ್ಷ್ಯ ಸಾಬೀತಾಗಬೇಕು, ಅವನ ಮಾತು ಕೇಳಬೇಕು. ಸಹೋದ್ಯೋಗಿಯ ಕಾರನ್ನು ಈ ಹುಡುಗನ ವಶಕ್ಕೆ ಯಾರು ಒಪ್ಪಿಸಿದ್ದರು? ಮತ್ತೆ ಆ ಕಟ್ ಯಾವ ಲೆಕ್ಕದ್ದು?

ಬಸವಣ್ಣ ಹುಟ್ಟಿದ ಜಿಲ್ಲೆ ಇದು. ಕಾಯಕಕ್ಕೆ ಇಷ್ಟು ಗೌರವ ಕೊಟ್ಟ ಮಣ್ಣಿನಲ್ಲಿ, ಕಾಯಕದ ಕೂಲಿಗೆ ಕೈ ಹಾಕುವ ಮುಂಚೆ ಒಂದು ನಿಮಿಷ ಯೋಚಿಸಬೇಕಲ್ಲವೇ?

ಇಷ್ಟು ಹೇಳಿ ಎದ್ದುಬಿಡಬಹುದಿತ್ತು. ಆದರೆ "ಹೇಳಿದ್ದ ತಪ್ಪಾತೇನ್ರಿ" ಅನ್ನೋ ಮಾತು ನನ್ನನ್ನು ಬಿಡಲಿಲ್ಲ. ಯಾಕೆ ಅಂತ ಇವತ್ತು ಹೇಳಿಬಿಡ್ತೀನಿ.

ಹಲವು ವರ್ಷಗಳ ಹಿಂದೆ ನಾನೂ ಟ್ರೈನಿ. ಕ್ಯಾಮೆರಾ ಸ್ಟ್ಯಾಂಡ್ ಹೆಗಲ ಮೇಲಿಟ್ಟುಕೊಂಡು ಓಡುವಾಗ ಹಿರಿಯ ಸಹೋದ್ಯೋಗಿಯೊಬ್ಬರ ಹೊಸ ಕಾರಿಗೆ ಉದ್ದಕ್ಕೆ ಗೀರು ಬಿತ್ತು. ಸುತ್ತ ನೋಡಿದೆ. ಯಾರೂ ಇರಲಿಲ್ಲ. ಒಳಗೆ ಹೋಗಿ ಕೂತೆ. ಸಂಜೆ ದೊಡ್ಡ ಗಲಾಟೆ ಆಯಿತು. "ನೀನು ಗೇಟಿನಲ್ಲಿ ಏನು ಮಾಡ್ತಿದ್ದೆ?" ಅಂತ ವಾಚ್‌ಮನ್ ಕಾಕಾನನ್ನು ಎಲ್ಲರೆದುರು ಬೈದರು, 500 ರೂಪಾಯಿ ಮುರಿದುಕೊಂಡರು. ಕಾಕಾ ಮಾರನೆಯ ದಿನ ಎಂದಿನಂತೆ ನನಗೆ ಚಹಾ ತಂದುಕೊಟ್ಟರು. ಕುಡಿದೆ. ಬಾಯಿ ಬಿಡಲಿಲ್ಲ. ಸಾವಿರ ಜನರನ್ನು ಈ ಕುರ್ಚಿಯಿಂದ ಪ್ರಶ್ನೆ ಮಾಡಿದ್ದೇನೆ. ಆ ದಿನ ನನ್ನನ್ನು ಯಾರೂ ಪ್ರಶ್ನೆ ಮಾಡಲಿಲ್ಲ. ಆ ಗೀರು ನನ್ನದು.

ಈಗ ನೋಡಿ. ಮುಚ್ಚಿಟ್ಟ ನಾನು ಬಚಾವ್, ಬಾಯಿ ಬಿಟ್ಟ ಹುಡುಗನಿಗೆ ಏಳು ತಿಂಗಳ ದಂಡ. ಹೀಗಾದರೆ ನಾಳೆ ಶೆಡ್ಡಿನಲ್ಲಿ ಉಳಿದವರು ಕಲಿಯೋ ಪಾಠ ಏನು? ಯಾರೂ ನೋಡದಿದ್ದರೆ ಸುಮ್ಮನೆ ನಡಿ ಅಂತ. ಕೊನೆಗೆ ನಷ್ಟ ಮಾಲೀಕರಿಗೇ.

ಆ ಹುಡುಗನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ತಾಗಿಸಿದವರೇ, ಹೋಗಿ ಹೇಳಿ, ಅಲ್ಲೇ ಫೋಟೊ ತೆಗೆದಿಡಿ, ಎರಡು ಗ್ಯಾರೇಜಿನ ಲೆಕ್ಕ ಕೇಳಿ, ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಕಾರಿನವರೇ, ಒಂದು ಬಾಗಿಲಿನ ನೆಪದಲ್ಲಿ ಇಡೀ ಕಾರಿಗೆ ಬಣ್ಣ ಹೊಡೆಸಬೇಡಿ. ಮಾಲೀಕರೇ, "ಪಾರ್ಕಿಂಗ್ ನಿಮ್ಮ ಜವಾಬ್ದಾರಿ" ಅನ್ನೋ ಬೋರ್ಡಿನ ಹಿಂದೆ ಅಡಗಬೇಡಿ, ಗುದ್ದಿದ್ದು ನಿಮ್ಮದೇ ಗಾಡಿ. ಮಾತು ಮುರಿದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಲೋಕ ಅದಾಲತ್ ಇದೆ.

ನಿನ್ನೆ ಆ ಹುಡುಗನ ಫೋನ್ ಬಂದಿತ್ತು. ಮೂವರೂ ಕೂತು ಮಾತಾಡಿದರಂತೆ. ಕಾರು ವಿಮೆಯಲ್ಲೇ ರಿಪೇರಿಗೆ ಹೋಗಿದೆ, ಮೇಲಿನ ಖರ್ಚು ಮಾಲೀಕರದು. ಮುಂದಿನ ಕಟ್ ನಿಂತಿದೆ. ಮುರಿದ 6,000ದಲ್ಲಿ 3,000 ವಾಪಸ್ ಬಂದಿದೆ. ಉಳಿದದ್ದು? "ನೋಡೂಣು ಅಂದಾರ್ರಿ ಸರ."

ನೋಡೋಣ. ನಾನೂ ಕಾಯ್ತೀನಿ. ತಮ್ಮಾ, ಹೇಳಿದ್ದು ತಪ್ಪಲ್ಲ. ಹೇಳದೇ ಇದ್ದವನು ಹೇಳ್ತಿದ್ದೀನಿ, ನಂಬು.