ಜೂಜು, ದುಡಿಮೆ ಮತ್ತು ನಮ್ಮ ತಾಲೂಕು
(ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಮಾಡಿದ ಭಾಷಣ)



ಜೂಜಿನ ಮಾತನ್ನು ಶಾಲೆಯ ವೇದಿಕೆಯ ಮೇಲೆ ಆಡುವದು ಸರಿಯೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಧರ್ಮರಾಯನ ಕಥೆ ಹೇಳಿ ಕುಳಿತುಬಿಡುವದು ಸುಲಭ. ಆದರೆ ನಾನು ಹೇಳಬಂದಿರುವದು ಪಾಪಪುಣ್ಯದ ಮಾತಲ್ಲ, ಲೆಕ್ಕದ ಮಾತು. ಜೂಜಿಗೆ ಪರವಾನಿಗೆ ಕೊಟ್ಟರೆ ಜನರಿಗೆ ಕೆಲಸ ಸಿಗುವದು, ಬೊಕ್ಕಸ ತುಂಬುವದು, ನಾಡು ಬೆಳೆಯುವದು ಎಂಬ ವಾದವೊಂದಿದೆ. ಅದನ್ನು ಜತ್ತದ ತಕ್ಕಡಿಯಲ್ಲಿ ತೂಗಿ ನೋಡೋಣ.

ವಾದ ಹೊಸದಲ್ಲ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನಿಟ್ಟು, ಗೆದ್ದ ಹಣದಲ್ಲಿ ನೂರಕ್ಕೆ 5 ಪಾಲು ರಾಜನಿಗೆ ಸಲ್ಲಬೇಕೆಂದು ವಿಧಿಸಿದ್ದಾನೆ. ನಮ್ಮ ಕಾಲಕ್ಕೆ ಬಂದರೆ, 1948ರಲ್ಲಿ ಜತ್ತ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅದೇ ವರ್ಷ ಆ ಪ್ರಾಂತವು ಲಾಟರಿ ಮತ್ತು ಬಹುಮಾನ ಸ್ಪರ್ಧೆಗಳ ನಿಯಂತ್ರಣಕ್ಕೂ ತೆರಿಗೆಗೂ ಒಂದು ಕಾಯದೆಯನ್ನು ಮಾಡಿತು. ಆಗ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯು ಪದಬಂಧದ ಸ್ಪರ್ಧೆ ನಡೆಸಿ, ಮುಂಬಯಿ ರಾಜ್ಯದ ಜನರಿಂದಲೂ ಪ್ರವೇಶಧನ ಕೂಡಿಸುತ್ತಿತ್ತು. 1952ರಲ್ಲಿ ಕಾಯದೆಯನ್ನು ತಿದ್ದಿ, ಹೊರಗೆ ಅಚ್ಚಾಗುವ ಇಂಥ ಪತ್ರಿಕೆಗಳನ್ನೂ ತೆರಿಗೆಗೆ ಒಳಪಡಿಸಿದರು. ಸ್ಪರ್ಧೆ ನಡೆಸುತ್ತಿದ್ದ ಚಮಾರಬಾಗವಾಲಾ ಅವರು, ಇದು ವ್ಯಾಪಾರ, ವ್ಯಾಪಾರಕ್ಕೆ ಸಂವಿಧಾನವು ಸ್ವಾತಂತ್ರ್ಯವಿತ್ತಿದೆ ಎಂದು ವಾದಿಸಿ ಮುಂಬಯಿ ಹೈಕೋರ್ಟಿನಲ್ಲಿ ಗೆದ್ದರು. 1957ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ಬದಿಗೊತ್ತಿತು. ಮುಖ್ಯ ನ್ಯಾಯಮೂರ್ತಿ ಎಸ್. ಆರ್. ದಾಸ್ ಅವರು ಋಗ್ವೇದ ಮಹಾಭಾರತಗಳನ್ನು ಸ್ಮರಿಸಿ, ಜೂಜು ಸಂವಿಧಾನದ ರಕ್ಷಣೆ ಪಡೆಯುವ ವ್ಯಾಪಾರವೇ ಅಲ್ಲವೆಂದರು. ಅಂದು ಜೂಜು ಅಂಚೆಯ ಚೀಲದಲ್ಲಿ ಗಡಿ ದಾಟುತ್ತಿತ್ತು. ಇಂದು ಅಂಗಿಯ ಜೇಬಿನೊಳಗೆ ಇರುವದು.

ಸರಕಾರಗಳ ನಡೆ ಮಾತ್ರ ಒಂದೇ ತೆರನಾಗಿಲ್ಲ. ಮಹಾರಾಷ್ಟ್ರವು 1969ರಲ್ಲಿ ತನ್ನದೇ ಲಾಟರಿ ಆರಂಭಿಸಿತು. 1976ರಲ್ಲಿ ಕ್ಯಾಸಿನೊಗಳಿಗಾಗಿ ಕಾಯದೆ ಮಾಡಿ, ಅದನ್ನು ಎಂದೂ ಜಾರಿಗೆ ತಾರದೆ, 2023ರಲ್ಲಿ ರದ್ದುಗೊಳಿಸಿತು. ನಲವತ್ತೇಳು ವರ್ಷ ಕಪಾಟಿನಲ್ಲಿಯೇ ಮಲಗಿದ್ದ ಕಾಯದೆ! ಕರ್ನಾಟಕವು 2007ರಲ್ಲಿ ಲಾಟರಿಯನ್ನು ಮುಚ್ಚಿತು, ಮಹಾರಾಷ್ಟ್ರ ಮುಚ್ಚಲಿಲ್ಲ. 2021ರಲ್ಲಿ ಕರ್ನಾಟಕ ಮಾಡಿದ ಆನ್‌ಲೈನ್ ಆಟಗಳ ನಿಷೇಧದ ಮುಖ್ಯ ಭಾಗಗಳನ್ನು 2022ರಲ್ಲಿ ಅಲ್ಲಿಯ ಹೈಕೋರ್ಟು ರದ್ದುಪಡಿಸಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತೇ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯದೆಯನ್ನು ಅಂಗೀಕರಿಸಿತು. ಆಟ ನಡೆಸುವವರಿಗೆ 3 ವರ್ಷಗಳವರೆಗೆ ಸೆರೆ, 1 ಕೋಟಿ ರೂಪಾಯಿವರೆಗೆ ದಂಡ. ಆಡಿ ಕೆಟ್ಟವನಿಗೆ ಶಿಕ್ಷೆಯಿಲ್ಲ. ಈ ಕೊನೆಯ ಮಾತು ನನಗೆ ಮೆಚ್ಚುಗೆಯಾಯಿತು.

ಆಗ ಆ ಉದ್ಯಮದವರು, ಎರಡು ಲಕ್ಷಕ್ಕೂ ಹೆಚ್ಚು ಜನರ ಕೆಲಸ ಹೋಗುವದೆಂದು ಮೊರೆಯಿಟ್ಟರು. ಅದನ್ನು ಸುಮ್ಮನೆ ತಳ್ಳಿಹಾಕಲಾಗದು. ಕಂಪ್ಯೂಟರಿನ ಮುಂದೆ ಕುಳಿತ ತರುಣನಿಗೂ, ಗೋವೆಯಲ್ಲಿ ಮಾಂಡವಿ ನದಿಯ ಕ್ಯಾಸಿನೊ ಹಡಗಿನಲ್ಲಿ ತಟ್ಟೆ ಹಿಡಿದು ನಿಂತವನಿಗೂ ಅದು ಅನ್ನವೇ. ಆದರೆ ಆ ಸಂಬಳದ ಮೂಲವೆಲ್ಲಿ? ವರ್ಷಕ್ಕೆ ಸುಮಾರು 45 ಕೋಟಿ ಜನ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಾರೆಂದು ಕೇಂದ್ರ ಸರಕಾರವೇ ಅಂದಾಜಿಸಿತ್ತು.

ಇನ್ನು ನಮ್ಮ ಲೆಕ್ಕ. ಮಳೆ ಕಡಿಮೆಯಾದ ಈ ತಾಲೂಕಿನಿಂದ ವರ್ಷವರ್ಷವೂ ಜನ ಕಬ್ಬು ಕಡಿಯಲು ಹೋಗುವರು. ಮುಕಾದಮನಿಂದ ಮುಂಗಡ ಪಡೆಯುವರು; ಅದಕ್ಕೆ ‘ಉಚಲ’ ಎನ್ನುವರು. ಅದು ಇನ್ನೂ ದುಡಿಯದ ದುಡಿಮೆಯ ಹಣ. ಆ ಹಣದಲ್ಲಿ ಒಂದು ಮಾಡಗ್ಯಾಳ ಕುರಿ ಕೊಂಡರೆ ಮುಂದೆ ಮರಿಯಾಗುವದು. ಬಟ್ಟೆ ಹೊಲಿಸಿದರೆ ಊರ ಸಿಂಪಿಗನಿಗೆ ಕೂಲಿ, ಅವನಿಂದ ಕಿರಾಣಿಯವನಿಗೆ ವ್ಯಾಪಾರ. ಹೀಗೆ ಒಂದು ರೂಪಾಯಿ ಊರೊಳಗೆ ನಾಲ್ಕು ಮನೆ ತಿರುಗುವದು. ಮಟಕಾದ ಅಂಕಿಯ ಮೇಲಿಟ್ಟದ್ದು, ಫೋನಿನ ರಮ್ಮಿಗೆ ಹಾಕಿದ್ದು ಆ ಕ್ಷಣವೇ ಊರು ಬಿಡುವದು. ಅದರಿಂದ ಒಂದು ಸೇರು ಜೋಳವೂ ಹೆಚ್ಚು ಬೆಳೆಯದು. ಮ್ಹೈಸಾಳ ಯೋಜನೆಯ ಮೂಲಕ ಕೃಷ್ಣೆಯ ನೀರು ತಲುಪಿದ ಹೊಲಗಳಲ್ಲಿ ದಾಳಿಂಬೆ, ದ್ರಾಕ್ಷಿ ಬೆಳೆದು ಅಲ್ಲಿಯೇ ಕೂಲಿ ಹುಟ್ಟುವದನ್ನು ನೀವೇ ಕಂಡಿದ್ದೀರಿ. ಪರವಾನಿಗೆ ಪಡೆದ ಯಾವ ಜೂಜುಕಟ್ಟೆಯೂ ಅಷ್ಟು ಕೆಲಸ ಇಲ್ಲಿ ಕೊಡಲಾರದೆಂಬುದು ನನ್ನ ಎಣಿಕೆ.

ನಾನು ಕಂಡ ಒಂದು ಮನೆಯ ಮಾತು, ಊರು ಹೇಳಲಾರೆ. ಯಜಮಾನನು ಉಚಲದ ಹಣವನ್ನೆಲ್ಲ ಹನ್ನೊಂದು ದಿನಗಳಲ್ಲಿ ಫೋನಿನಲ್ಲಿ ಕಳೆದನು. ಸಾಲ ತೀರಿಸಲು ಇನ್ನೊಂದು ಕೊಯ್ತ ಬೇಕಾಯಿತು. ಏಳನೆಯ ಇಯತ್ತೆಯ ಮಗಳನ್ನು ದೀಪಾವಳಿಯ ನಂತರ ಫಡಕ್ಕೆ ಕರೆದೊಯ್ದರು. ಮರುವರ್ಷ ತಾಯಿ ಹಟಹಿಡಿದು ಮುಂಗಡವನ್ನು ತನ್ನ ಬ್ಯಾಂಕಿನ ಖಾತೆಗೆ ಹಾಕಿಸಿದಳು, ಎರಡು ಕುರಿ ಕೊಂಡಳು, ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟುಹೋದಳು. ಹುಡುಗಿ ಮತ್ತೆ ಶಾಲೆಗೆ ಬರುತ್ತಿದ್ದಾಳೆ. ಆ ವರ್ಷ ತಪ್ಪಿಹೋದ ಬೀಜಗಣಿತದ ಪಾಠಗಳು ಮಾತ್ರ ಅವಳಿಗೆ ಇನ್ನೂ ಕಠಿಣವಾಗಿವೆ. ಗುರುಗಳು ಶನಿವಾರ ಸಂಜೆ ಕೂಡ್ರಿಸಿಕೊಂಡು ಕಲಿಸುತ್ತಾರೆ.