ಹೆಸರು ಕೊಡುವ ಮೊದಲು ಅಳತೆ ಕೊಡಿರಿ

(ರೈತರ ಕೂಟದಲ್ಲಿ ಆಡಿದ ಮಾತುಗಳು)



ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ ಮಾಡಿ ಮಾರುವ ಮನೆಗಳನ್ನು ಗದಗ-ಬೆಟಗೇರಿಯಲ್ಲಿ, ಲಕ್ಷ್ಮೇಶ್ವರದಲ್ಲಿ ತಾವೆಲ್ಲರೂ ಕಂಡಿದ್ದೀರಿ. ಜೋಳ ನಮ್ಮದು, ಶೇಂಗಾ ನಮ್ಮದು, ಮೆಣಸಿನಕಾಯಿ ನಮ್ಮದು. ಅದನ್ನೇ ಚೀಲ ಕಟ್ಟಿ ಪೇಟೆಗೆ ಒಯ್ದರೆ ಧಾರಣೆ ಹೇಳುವವರು ಬೇರೆಯವರು. ರೊಟ್ಟಿ ಬಡಿದು, ಚಟ್ನಿ ಕುಟ್ಟಿ ಮಾರಿದರೆ ಧಾರಣೆ ಹೇಳುವವರು ನಾವು. ಆದುದರಿಂದ ಈ ಕೆಲಸಕ್ಕೆ ಕೈ ಹಾಕಿದ ಮನೆಗಳು ಒಳ್ಳೆಯದನ್ನೇ ಮಾಡಿವೆ.

ಆದರೆ ಒಂದು ಮನೆಯ ಸಾಮಾನಿಗೆ ಹೆಸರು ಬಂದ ಮೇಲೆ ಎರಡನೆಯ ಪ್ರಶ್ನೆ ಏಳುತ್ತದೆ. ಮುಂಡರಗಿಯ ಬೀಗರು ಬಂದು, "ನಿಮ್ಮ ಹೆಸರಿನ ಮೇಲೆ ನಾವೂ ಮಾಡಿ ಮಾರತೇವಿ" ಅನ್ನುತ್ತಾರೆ. ಶಿರಹಟ್ಟಿಯ ಅಂಗಡಿಯವರು, "ನಿಮ್ಮ ಹೆಸರಿನ ಫಲಕ ಹಾಕಲೇನು?" ಎಂದು ಕೇಳುತ್ತಾರೆ. ಇದಕ್ಕೆ ಪೇಟೆಯವರು ಫ್ರಾಂಚೈಸಿ ಎನ್ನುತ್ತಾರೆ. ಹೆಸರು ಮತ್ತು ಮಾಡುವ ರೀತಿ ಒಬ್ಬರದು. ಅಂಗಡಿ, ಬಂಡವಾಳ, ದುಡಿಮೆ ಇನ್ನೊಬ್ಬರದು. ಹೆಸರು ಕೊಟ್ಟವರಿಗೆ ಇಂತಿಷ್ಟು ಪಾಲು. ಅರ್ಥ ಇಷ್ಟೆ. ನೆರೆಮನೆಯವರಿಗೆ ಹೆಪ್ಪು ಕೊಟ್ಟಂತೆ ಎನ್ನಿರಿ. ಆದರೆ ಅವರ ಗಡಿಗೆಯಲ್ಲಿ ಮೊಸರು ಕೆಟ್ಟರೆ ಯಾರೂ ನಮ್ಮನ್ನು ಅನ್ನುವುದಿಲ್ಲ. ವ್ಯಾಪಾರದಲ್ಲಿ ಹಾಗಲ್ಲ, ಅಲ್ಲಿ ಕೆಟ್ಟದ್ದಕ್ಕೆ ಇಲ್ಲಿ ಬಂದು ಕೇಳುತ್ತಾರೆ.

ನಮ್ಮ ಮನೆಯಲ್ಲಿ ನಡೆದದ್ದನ್ನೇ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನಮ್ಮವ್ವ ಕುಟ್ಟಿದ ಶೇಂಗಾ ಚಟ್ನಿಗೆ ಸುತ್ತಣ ಸಂತೆಗಳಲ್ಲಿ ಒಳ್ಳೆಯ ಹೆಸರಿತ್ತು. ಬೇರೆ ಊರಿನಲ್ಲಿದ್ದ ನಮ್ಮ ಕಾಕಾನ ಮನೆಯವರು ಕೇಳಿದರು. ನಾವು ಸಂತೋಷದಿಂದ ಹೆಸರು ಕೊಟ್ಟೆವು. ಅವ್ವ ಮಾಡುವುದನ್ನು ಬಾಯಿಂದ ಹೇಳಿಕೊಟ್ಟಳು: ಒಂದು ಬೊಗಸೆ, ಒಂದು ಹಿಡಿ, ಶೇಂಗಾ ಕೆಂಪಗೆ ಆಗುವ ತನಕ ಹುರಿಯುವುದು. ಎರಡು ತಿಂಗಳಲ್ಲಿ ಚಟ್ನಿಯ ಪೊಟ್ಟಣಗಳು ನಮ್ಮ ಬಾಗಿಲಿಗೇ ಮರಳಿ ಬಂದವು. ಕಮಟು ವಾಸನೆ! ಅವರು ಹಳೆಯ ಶೇಂಗಾ ಹಾಕಿದ್ದರು. ಹುರಿದುದು ಆರುವ ಮೊದಲೇ ಕುಟ್ಟಿ ತುಂಬಿದ್ದರು. ನಮ್ಮಣ್ಣ ಸಿಟ್ಟಿನಿಂದ ಹೋಗಿ ಅವರ ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ ಕೂಗಾಡಿ ಬಂದನು. ಎರಡು ವರ್ಷ ಆ ಮನೆಯವರು ನಮ್ಮ ಮನೆಗೆ ಕಾಲಿಡಲಿಲ್ಲ, ಜಾತ್ರೆಗೂ ಬರಲಿಲ್ಲ. ಕಾಕು ಮಾತ್ರ ಒಂದು ಮಾತು ಹೇಳಿ ಕಳಿಸಿದಳು: "ನೀವು ನಮಗ ಹೆಸರು ಕೊಟ್ರಿ, ಅಳತಿ ಕೊಡಲಿಲ್ಲ."

ಆ ಮಾತು ಮನಸ್ಸಿಗೆ ನಾಟಿತು. ತಕ್ಕಡಿ ತರಿಸಿದೆವು. ಅವ್ವ ಒರಳಿಗೆ ಹಾಕುವ ಮೊದಲು ಪ್ರತಿಯೊಂದನ್ನೂ ತೂಗಿ ಬರೆದೆವು. ಮೂರು ದಿನದ ತೂಕ ನೋಡಿದರೆ ಮೂರು ದಿನವೂ ಉಪ್ಪು ಬೇರೆ, ಬೆಳ್ಳುಳ್ಳಿ ಬೇರೆ! ಅವ್ವನೇ ಬೆರಗಾದಳು. ಅವಳ ಕೈ ಒಂದೇ ಇತ್ತು, ಅಳತೆ ಒಂದೇ ಇರಲಿಲ್ಲ. ನಾಲ್ಕು ಜನ ರುಚಿ ನೋಡಿ ಒಂದು ತೂಕಕ್ಕೆ ನಿಂತೆವು. ಆ ಕಾಗದ ಹಿಡಿದುಕೊಂಡು ಅಣ್ಣ ಕಾಕಾನ ಮನೆಗೆ ಹೋಗಿ ತಪ್ಪೊಪ್ಪಿಕೊಂಡನು. ಆಮೇಲೆ ಎರಡು ಮನೆಯ ಚಟ್ನಿಯೂ ಒಂದೇ ರುಚಿಯಾಯಿತು, ಮಾತುಕತೆಯೂ ಮೊದಲಾಯಿತು.

ಬಂಧುಗಳೇ, ಹೆಸರು ಬೆಳೆಸಲು ಎರಡು ದಾರಿಗಳಿವೆ. ಎರಡನ್ನೂ ನೋಡಲು ಧಾರವಾಡಕ್ಕೆ ಹೋದರೆ ಸಾಕು. ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರ ಪ್ರದೇಶದ ಉನ್ನಾವದಿಂದ ಬಂದ ಠಾಕೂರ ಮನೆತನದವರು ಅಲ್ಲಿ ಪೇಢೆ ಮಾಡತೊಡಗಿದರು. ಬಾಬುಸಿಂಗ್ ಠಾಕೂರರ ಕಾಲದಲ್ಲಿ ಲೈನ್ ಬಜಾರಿನ ಆ ಅಂಗಡಿ ಹೆಸರಾಯಿತು. ಆ ಮನೆತನ ಬಹುಕಾಲ ಒಂದೇ ಅಂಗಡಿಯಲ್ಲಿ, ತಮ್ಮ ಕಣ್ಣೆದುರಿಗೆ ಆಗುವಷ್ಟನ್ನೇ ಮಾಡಿ ಮಾರಿತು. ಜನ ಸಾಲು ನಿಂತು ಕೊಂಡರು. ಅದೇ ಊರಿನಲ್ಲಿ ೧೯೩೩ರಲ್ಲಿ ಅವಧ ಬಿಹಾರಿ ಮಿಶ್ರಾ ಅವರು ತೆರೆದ ಅಂಗಡಿಯ ಹೆಸರು ಮುಂದಿನ ತಲೆಮಾರುಗಳಲ್ಲಿ ಊರೂರಿಗೆ ಹರಡಿತು. ಬೇರೆಯವರು ನಡೆಸುವ ಅಂಗಡಿಗಳ ಮೇಲೂ ಇಂದು ಆ ಫಲಕವಿದೆ. ಈ ಎರಡರಲ್ಲಿ ಒಂದು ಹೆಚ್ಚು, ಒಂದು ಕಡಿಮೆ ಎಂದು ನಾನು ಹೇಳುವುದಿಲ್ಲ. ಒಂದೇ ಅಂಗಡಿ ಇದ್ದರೆ ಯಜಮಾನನ ಕಣ್ಣು ಸಾಕು. ಹತ್ತು ಅಂಗಡಿಯಾದರೆ ಅವನ ಕಣ್ಣು ಹತ್ತು ಕಡೆ ಇರಲಾರದು. ಅದರ ಬದಲು ಬರೆದಿಟ್ಟ ಅಳತೆ ಇರಬೇಕು. ಯಾವ ದಾರಿ ನಮ್ಮ ಮನೆಗೆ ಆದೀತೆಂದು ಮೊದಲು ತಿಳಿದುಕೊಳ್ಳಬೇಕು.

ಇನ್ನು ಯಜಮಾನಿಕೆಯ ಮಾತು. ಬೆಂಗಳೂರಿನ ಎಂ.ಟಿ.ಆರ್. ಹೆಸರನ್ನು ತಾವು ಮಸಾಲೆ ಪೊಟ್ಟಣದ ಮೇಲೆ ನೋಡಿರಬಹುದು. ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು ೧೯೨೪ರಲ್ಲಿ ಅದನ್ನು ಚಿಕ್ಕ ಕಾಫಿ-ತಿಂಡಿಯ ಅಂಗಡಿಯಾಗಿ ಆರಂಭಿಸಿದರು. ಯಜ್ಞನಾರಾಯಣ ಮಯ್ಯರು ೧೯೫೧ರಲ್ಲಿ ಯುರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳ ಶುಚಿತ್ವವನ್ನು ಕಂಡು ಬಂದು, ಆ ಶಿಸ್ತನ್ನು ಮೊದಲು ತಮ್ಮ ಅಡುಗೆಮನೆಗೇ ತಂದರು. ಗಿರಾಕಿಗಳು ಅಡುಗೆಮನೆಯನ್ನು ನೋಡಬಹುದಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ಸಿಗದಾದಾಗ ಅವರು ರವೆಯಿಂದ ಇಡ್ಲಿ ಮಾಡಿದರು. ಇಂದು ಎಲ್ಲರೂ ತಿನ್ನುವ ರವೆ ಇಡ್ಲಿ ಅದೇ. ಮುಂದೆ ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಗಳ ಬೆಲೆಯನ್ನು ಕಟ್ಟಿಹಾಕಿತು. ಆಗ ಆ ಮನೆಯವರು ತುಪ್ಪ ಕಡಿಮೆ ಮಾಡಿ ಲೆಕ್ಕ ಸರಿದೂಗಿಸಲಿಲ್ಲ. ಹಾನಿ ಸಹಿಸಿ ಮಾರಿದರು, ಆ ದಿನದ ಹಾನಿಯನ್ನು ಫಲಕದ ಮೇಲೆ ಬರೆದರು. ಹೋಟೆಲು ನಡೆಸುವುದು ಕಷ್ಟವಾದಾಗ ಮಸಾಲೆ, ಹಿಟ್ಟುಗಳ ಪೊಟ್ಟಣದ ವ್ಯಾಪಾರಕ್ಕೆ ಇಳಿದರು. ಕಷ್ಟಕಾಲದಲ್ಲಿ ರುಚಿ ಕೆಡಿಸದ ಹೆಸರಾದ್ದರಿಂದ ಜನ ಆ ಪೊಟ್ಟಣವನ್ನೂ ನಂಬಿದರು.

ಹೆಸರು ಕಳೆದುಕೊಂಡವರ ಕಥೆಯೂ ಇದೆ. ಅಮೇರಿಕೆಯಲ್ಲಿ ಮ್ಯಾಕ್‌ಡೊನಾಲ್ಡ್ ಎಂಬ ಅಣ್ಣತಮ್ಮಂದಿರು ೧೯೪೦ರಲ್ಲಿ ಊಟದ ಅಂಗಡಿ ತೆರೆದರು. ಬೇಗ ಬೇಗ ಒಂದೇ ತೆರನಾಗಿ ತಿಂಡಿ ಮಾಡುವ ರೀತಿಯನ್ನು ಕಂಡುಹಿಡಿದರು. ಅವರ ಹೆಸರಿನ ಮೇಲೆ ರೇ ಕ್ರಾಕ್ ಎಂಬವರು ೧೯೫೫ರಿಂದ ಅಂಗಡಿಗಳನ್ನು ತೆರೆಯುತ್ತ ಹೋದರು. ೧೯೬೧ರಲ್ಲಿ ಅಣ್ಣತಮ್ಮಂದಿರು ೨೭ ಲಕ್ಷ ಡಾಲರಿಗೆ ಹಕ್ಕನ್ನು ಮಾರಿದರು. ಮೊದಲಿನ ಅಂಗಡಿ ಅವರಲ್ಲಿಯೇ ಉಳಿಯಿತು, ಆದರೆ ಅದರ ಮೇಲೆ ತಮ್ಮ ಮನೆತನದ ಹೆಸರನ್ನು ಬರೆಯುವ ಹಕ್ಕು ಉಳಿಯಲಿಲ್ಲ. ಫಲಕ ಬದಲಾಯಿತು, ಕೆಲವು ವರ್ಷಗಳಲ್ಲಿ ಅಂಗಡಿಯೂ ಮುಚ್ಚಿತು.

ಇವೆಲ್ಲದರಿಂದ ನಮ್ಮ ಮನೆಗಳು ಕಲಿಯತಕ್ಕದ್ದು ಏನು? ನಾಲ್ಕು ಮಾತು ಹೇಳುತ್ತೇನೆ.

ಒಂದನೆಯದು ಅಳತೆ. ತೂಕವಷ್ಟೇ ಅಲ್ಲ, ಕಾಳಿನ ಜಾತಿಯನ್ನೂ ಬರೆಯಿರಿ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರಿನದಕ್ಕೆ ಖಾರ ಹೆಚ್ಚು. ತೂಕ ಒಂದೇ ಇದ್ದರೂ ಚಟ್ನಿ ಬೇರೆಯಾಗುತ್ತದೆ. ಬೂಷ್ಟು ಹಿಡಿದ ಶೇಂಗಾದಲ್ಲಿ ವಿಷವಿರುತ್ತದೆ, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಅಂಥ ಕಾಳನ್ನು ಆರಿಸಿ ಚೆಲ್ಲಬೇಕೆಂದು ಬರೆಯಿರಿ. ಎಷ್ಟು ಹೊತ್ತು ಆರಿಸಬೇಕು, ಎಷ್ಟು ದಿನದೊಳಗೆ ಮಾರಬೇಕು ಎಂಬುದನ್ನೂ ಬರೆಯಿರಿ. ಹೊಸ ಸೊಸೆ ಆ ಕಾಗದ ನೋಡಿ ಅತ್ತೆಯ ರುಚಿಯನ್ನು ತಂದಳೆಂದರೆ ಅಳತೆ ಸರಿಯಾಯಿತೆಂದು ತಿಳಿಯಿರಿ. ಅಲ್ಲಿಯ ತನಕ ಎರಡನೆಯ ಅಂಗಡಿ ಬೇಡ.

ಎರಡನೆಯದು, ತಪ್ಪು ಕಂಡಾಗ ಯಜಮಾನನು ಮೊದಲು ತನ್ನ ಒರಳನ್ನು ನೋಡಿಕೊಳ್ಳಬೇಕು. ಹೇಳಿಕೊಟ್ಟದ್ದರಲ್ಲಿ ಕೊರತೆಯಿತ್ತೇ ಎಂದು ಕೇಳಿಕೊಳ್ಳಬೇಕು. ಬಯ್ಯುವುದಿದ್ದರೆ ಒಳಗೆ ಕರೆದು ಹೇಳಬೇಕು. ಗಿರಾಕಿಗಳ ಮುಂದೆ ಅಲ್ಲ. ತನ್ನ ಮಗನೇ ಅಳತೆ ತಪ್ಪಿದರೂ ಆ ದಿನದ ಸಾಮಾನನ್ನು ಮಾರಬಾರದು. ಮಗನಿಗೊಂದು ಅಳತೆ, ಬೀಗರಿಗೊಂದು ಅಳತೆ ಎಂದಾದರೆ ಯಾರೂ ಮಾತು ಕೇಳುವುದಿಲ್ಲ.

ಮೂರನೆಯದು ಲೆಕ್ಕ. ಮನೆಯ ಜೋಳ, ಮನೆಯ ಶೇಂಗಾ ಎಂದು ಬೆಲೆ ಹಿಡಿಯದೆ ಬಿಡಬೇಡಿರಿ. ಆ ದಿನದ ಪೇಟೆಯ ಧಾರಣೆ ಹಿಡಿಯಿರಿ. ಒಲೆಯ ಮುಂದೆ ಕುಳಿತ ಹೆಣ್ಣುಮಕ್ಕಳ ಕೂಲಿಯನ್ನೂ ಹಿಡಿಯಿರಿ. ಅದನ್ನು ಬಿಟ್ಟು ತೋರಿಸಿದ ಲಾಭ ಲಾಭವಲ್ಲ. ತಿಂಗಳಿಗೊಮ್ಮೆ ಎಲ್ಲರೂ ಕೂತಾಗ ಲೆಕ್ಕ ಓದಿರಿ. ಮನೆ ಒಡೆಯುವುದು ಹಣ ಕಡಿಮೆಯಾದುದರಿಂದಲ್ಲ, ಲೆಕ್ಕ ಕಾಣದುದರಿಂದ.

ನಾಲ್ಕನೆಯದು ಕಾಗದ. ಹೆಸರನ್ನು ಟ್ರೇಡ್‌ಮಾರ್ಕ್ ಕಾಯ್ದೆಯಂತೆ ಮನೆಯ ಹೆಸರಿನಲ್ಲಿ ನೋಂದಾಯಿಸಿರಿ. ತಿನ್ನುವ ಪದಾರ್ಥ ಮಾಡಿ ಮಾರುವವರು ೨೦೦೬ರ ಆಹಾರ ಸುರಕ್ಷತೆಯ ಕಾಯ್ದೆಯಂತೆಯೂ ನೋಂದಣಿ ಮಾಡಿಸಬೇಕು. ಹೆಸರು ಪಡೆದವರೊಡನೆ ಕರಾರು ಬರೆಯಿರಿ: ಪಾಲು ಎಷ್ಟು, ತಪಾಸಣೆ ಯಾರದು, ಬಿಡುವುದಾದರೆ ಫಲಕ ಇಳಿಸುವುದು ಹೇಗೆ. ಬೀಗರ ಸಂಗಡ ಕಾಗದವೇಕೆ ಎನ್ನಬೇಡಿರಿ. ಬೀಗತನ ಉಳಿಯಬೇಕೆಂದೇ ಕಾಗದ.

ಇದು ನಮ್ಮ ಸೀಮೆಗೆ ಹೊಸದಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ೧೯೦೫ರಲ್ಲಿ ಕೃಷಿ ಸಹಕಾರ ಸಂಘವನ್ನು ಕಟ್ಟಿದರು. ದೇಶಕ್ಕೇ ಅದು ಮೊದಲ ಮೇಲ್ಪಂಕ್ತಿಯಾಯಿತು. ಒಬ್ಬರನ್ನೊಬ್ಬರು ಬಲ್ಲ ಊರಿನವರೇ ಬರೆದಿಟ್ಟ ನಿಯಮಕ್ಕೆ ತಲೆಬಾಗಿದ್ದರಿಂದ ಆ ಕೆಲಸ ನಡೆಯಿತು.

ತಾಯಂದಿರೇ, ಅಣ್ಣಂದಿರೇ, ಇಂದು ಮನೆಗೆ ಹೋದ ಮೇಲೆ ದೊಡ್ಡ ಕೆಲಸವೇನೂ ಬೇಡ. ನಾಳೆ ರೊಟ್ಟಿಯ ಹಿಟ್ಟು ನಾದುವ ಮುನ್ನ ಒಮ್ಮೆ ತೂಗಿ ನೋಡಿರಿ. ನಾಡಿದ್ದು ಮತ್ತೆ ತೂಗಿರಿ. ಎರಡೂ ದಿನದ ತೂಕವನ್ನು ಮಕ್ಕಳ ಕೈಯಿಂದ ಒಂದು ವಹಿಯಲ್ಲಿ ಬರೆಯಿಸಿರಿ. ಬೀಗರು ಹೆಸರು ಕೇಳಲು ಬಂದ ದಿನ ಆ ವಹಿಯನ್ನು ಅವರ ಮುಂದಿಡಿರಿ.